ಮೀನಿಗಿಂತ ಮೊದಲು ಬಂದ ಸಾಮಾನು

ಮೀನಿನ ತೊಟ್ಟಿಯೊಳಗೆ ಏನಿಡಬೇಕು ಎಂಬ ಬಗ್ಗೆ ಅಭಿಪ್ರಾಯವಿಲ್ಲದ ಬೆಂಗಳೂರಿಗನನ್ನು ನಾನು ಕಂಡಿಲ್ಲ. ಮೀನು ಸಾಕದವರ ಅಭಿಪ್ರಾಯವಂತೂ ಇನ್ನೂ ಗಟ್ಟಿ. ನಾಣಿ ಎರಡು ಅಡಿ ಉದ್ದದ ಗಾಜಿನ ತೊಟ್ಟಿ ತಂದು ಬನಶಂಕರಿಯ ತನ್ನ ಮನೆಯ ಹಾಲ್‌ನಲ್ಲಿ ಇಟ್ಟ ಭಾನುವಾರ, ಕರೆಯದೆ ಬಂದ ನಮ್ಮೆಲ್ಲರ ಕೈಯಲ್ಲೂ ಒಂದೊಂದು ಪೊಟ್ಟಣವಿತ್ತು. ಒಬ್ಬರೂ ಮೀನು ತಂದಿರಲಿಲ್ಲ. ಎಲ್ಲರೂ ತಂದದ್ದು ಅಲಂಕಾರದ ಸಾಮಾನು.

"ಮೀನು ಯಾವುದಪ್ಪಾ?" ಎಂದು ಮೇಷ್ಟರು ಕೇಳಿದರು. ಇವರು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ನಿವೃತ್ತಿಯಾದದ್ದು ಸಂಬಳಕ್ಕೆ, ಪಾಠಕ್ಕಲ್ಲ.

"ಮೊದಲು ಮನೆ ಸಿದ್ಧವಾಗಲಿ ಮೇಷ್ಟರೇ, ಬಾಡಿಗೆದಾರ ಆಮೇಲೆ" ಎಂದ ನಾಣಿ.

"ಈ ಬಾಡಿಗೆದಾರ ಹತ್ತು ತಿಂಗಳ ಅಡ್ವಾನ್ಸ್ ಕೊಡುವುದಿಲ್ಲ ಕಣಯ್ಯಾ. ಮನೆ ಹಿಡಿಸದಿದ್ದರೆ ಖಾಲಿ ಮಾಡಿಕೊಂಡು ಹೋಗುವುದೂ ಇಲ್ಲ. ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಾನೆ, ಅಷ್ಟೇ. ಯಾರು ಇರುತ್ತಾರೆಂದು ತಿಳಿಯದೆ ಒಳಗೆ ಏನು ಇಡುವುದು?"

ಈ ಪ್ರಶ್ನೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಬ್ಬು ಆಗಲೇ ತನ್ನ ಚೀಲವನ್ನು ಟೀಪಾಯಿಯ ಮೇಲೆ ಸುರಿದಿದ್ದ. ಮಲ್ಪೆಯ ದಂಡೆಯಲ್ಲಿ ಮಕ್ಕಳು ಆರಿಸಿದ ಚಿಪ್ಪುಗಳು, ಜೊತೆಗೆ ಯಾರದೋ ಮನೆಯ ನೆಲಕ್ಕೆ ಹಾಸಿ ಮಿಕ್ಕ ಬಿಳಿ ಅಮೃತಶಿಲೆಯ ಚೂರುಗಳು. "ನೀರು, ಮೀನು, ಚಿಪ್ಪು. ಇದಕ್ಕಿಂತ ಸಹಜವಾದದ್ದು ಏನಿದೆ?" ಎಂದು ಎಲ್ಲರ ಮುಖ ನೋಡಿದ.

ಮೇಷ್ಟರು ಪದ್ಮಕ್ಕನನ್ನು ವಿನೆಗರ್ ಕೇಳಿದರು. ಗೋಬಿ ಮಂಚೂರಿ ಮಾಡಲು ತಂದು, ಒಮ್ಮೆ ಮಾಡಿ, ಮತ್ತೆ ಮುಟ್ಟದೆ ಇಟ್ಟ ಬಾಟಲಿಯೊಂದು ಯಾವ ಮನೆಯಲ್ಲೂ ಇದ್ದೇ ಇರುತ್ತದೆ. ಚಮಚದ ತುದಿಯಿಂದ ಚಿಪ್ಪಿನ ಬೆನ್ನ ಮೇಲೆ ಎರಡು ಹನಿ ಬಿಟ್ಟರು. ಗೀರುಗಳ ಉದ್ದಕ್ಕೂ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದವು. ಒಂದಷ್ಟು ಒಡೆದವು, ಹಿಂದೆಯೇ ಇನ್ನಷ್ಟು ಎದ್ದವು. ಸುಬ್ಬು ಚಿಪ್ಪನ್ನು ಕಿವಿಗೆ ಹಿಡಿದು, "ಸುಯ್ ಎನ್ನುತ್ತಿದೆ" ಎಂದ. ಅಮೃತಶಿಲೆಯೂ ಹಾಗೆಯೇ ನೊರೆಯಿತು.

"ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿನಲ್ಲಿ ಸ್ವಲ್ಪ ಹುಳಿ ಅಂಶವಿದ್ದರೂ ಸಾಕು, ನಿಧಾನವಾಗಿ ಕರಗಿ ಗಡಸುತನವನ್ನೂ ಹುಳಿ-ಕ್ಷಾರ ಅಳೆಯುವ ಪಿಎಚ್ ಮಟ್ಟವನ್ನೂ ಏರಿಸುತ್ತದೆ. ನಾಣಿ, ನಿನ್ನ ಮನೆಗೆ ಬೋರ್‌ವೆಲ್ ನೀರು ತಾನೇ? ಬಚ್ಚಲಿನ ನಲ್ಲಿಯ ಮೂತಿಯಲ್ಲಿ ಬಿಳಿ ಹೆಪ್ಪು ಕಟ್ಟಿದೆಯಲ್ಲ, ಅದೂ ಹೆಚ್ಚುಕಡಿಮೆ ಇದೇ ಪದಾರ್ಥ. ನೀರು ಈಗಾಗಲೇ ಗಡಸು. ಅದಕ್ಕೆ ಇನ್ನಷ್ಟು ಸುಣ್ಣ ತಿನ್ನಿಸುತ್ತೀಯಾ?"

ನಾಣಿ ಎದ್ದು ಹೋಗಿ ಬಚ್ಚಲಿನ ನಲ್ಲಿ ನೋಡಿ ಬಂದ. ಮುಖ ಸಣ್ಣದಾಗಿತ್ತು.

"ಹಾಗಾದರೆ ಯಾವ ಮೀನಿಗೂ ಚಿಪ್ಪು ಆಗದೇ?" ಸುಬ್ಬು ಸುಲಭಕ್ಕೆ ಬಿಡುವವನಲ್ಲ.

"ಆಗುತ್ತದೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿಗೆ ಗಡಸು ನೀರೇ ಬೇಕು. ಅವುಗಳನ್ನು ಸಾಕುವವರು ಬೇಕೆಂದೇ ಸುಣ್ಣಕಲ್ಲು ಇಡುತ್ತಾರೆ. ಅಮೆಜಾನ್ ಕಡೆಯ ನಿಯಾನ್ ಟೆಟ್ರಾ, ಡಿಸ್ಕಸ್‌ಗಳಿಗೆ ಮೆದು ನೀರು ಬೇಕು. ಆದ್ದರಿಂದಲೇ ಕೇಳಿದ್ದು, ಮೀನು ಯಾವುದೆಂದು."

"ಸಮುದ್ರದ ಮೀನನ್ನೇ ತಂದರೆ?"

"ಅದಕ್ಕೆ ಉಪ್ಪುನೀರು ಬೇಕು. ನಿನ್ನ ಒಂದು ಚೀಲ ಚಿಪ್ಪಿಗಾಗಿ ನಾಣಿ ಬನಶಂಕರಿಯಲ್ಲಿ ಅರಬ್ಬೀ ಸಮುದ್ರ ಕಟ್ಟಿಸಬೇಕೇ?"

ನಾನು ತಂದದ್ದು ಕಗ್ಗಲ್ಲಿನ ಎರಡು ತುಂಡು. ವಿನೆಗರ್ ಬಿದ್ದರೂ ಅದು ತುಟಿಪಿಟಕ್ಕೆನ್ನಲಿಲ್ಲ. ನಮ್ಮೂರಿನ ಕಲ್ಲಿನ ಗುಣವೇ ಅದು. ಲಾಲ್‌ಬಾಗಿನ ಬಂಡೆ ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಂದ ಚೂರು ಎತ್ತಿಕೊಂಡು ಬರಬೇಡಿ ಎಂಬ ಕಾರಣಕ್ಕೆ ಇದನ್ನು ಹೇಳುತ್ತಿದ್ದೇನೆ. ಕಟ್ಟಡದ ಕೆಲಸ ನಡೆಯುವ ಯಾವ ಬೀದಿಯಲ್ಲಿ ಕೇಳಿದರೂ ಕಗ್ಗಲ್ಲು ಸಿಗುತ್ತದೆ. ತುಕ್ಕಿನ ಕಲೆಯಾಗಲಿ ಲೋಹದ ಮಿನುಗಾಗಲಿ ಇಲ್ಲದ್ದನ್ನು ಆರಿಸಬೇಕು, ಅಷ್ಟೇ.

"ಕುದಿಸಿ ಹಾಕೋಣವೇ?" ಎಂದು ನಾಣಿ ಗೆಲುವಾದ.

"ಕಲ್ಲನ್ನು ಕುದಿಸಬೇಡ. ಬಿರುಕಿನಲ್ಲಿ ಸಿಕ್ಕಿಕೊಂಡ ನೀರು ಆವಿಯಾಗಿ ಸಿಡಿದೀತು. ಬಿಸಿನೀರು ಸುರಿದು ಬ್ರಷ್‌ನಿಂದ ಉಜ್ಜು. ಸೋಪು, ಪಾತ್ರೆ ತೊಳೆಯುವ ಪುಡಿ ಹತ್ತಿರವೂ ಬರಬಾರದು. ಇಡುವಾಗ ಮೊದಲು ಕಲ್ಲು, ಆಮೇಲೆ ಮರಳು. ಮರಳಿನ ಮೇಲೆ ಕಲ್ಲು ಇಟ್ಟರೆ ಮೀನು ತಳ ಕೆದಕಿದ ದಿನ ಕಲ್ಲು ಉರುಳಿ ಗಾಜಿಗೆ ಬಡಿಯುತ್ತದೆ."

ಈಗ ನಾಣಿ ತನ್ನ ಬ್ರಹ್ಮಾಸ್ತ್ರ ತೆಗೆದ. ಯಾವುದೋ ಸಮಾರಂಭದಲ್ಲಿ ಶಾಲಿನ ಜೊತೆ ಕೊಟ್ಟ ವಿಧಾನಸೌಧದ ಪ್ರತಿಕೃತಿ. ಗುಮ್ಮಟಕ್ಕೆ ಚಿನ್ನದ ಬಣ್ಣ, ಕಂಬಗಳ ನಡುವೆ ಹೆಬ್ಬೆರಳು ತೂರುವಷ್ಟು ಸಂದು. "ಅಂಗಡಿಯಲ್ಲಿ ಯಾವುದೋ ದೇಶದ ಕೋಟೆ ಮಾರುತ್ತಾರೆ. ನಮ್ಮ ಮೀನಿಗೆ ನಮ್ಮ ಕಟ್ಟಡವೇ ಇರಲಿ" ಎಂದ. ಕನ್ನಡಾಭಿಮಾನದ ಮಾತು. ವಿರೋಧಿಸುವುದು ಕಷ್ಟ.

ಮೇಷ್ಟರು ಕಟ್ಟಡವನ್ನು ಮಗುಚಿ ಬುಡವನ್ನು ಉಗುರಿನಿಂದ ಕೆರೆದರು. ಬಿಳಿ ಪುಡಿ ಉದುರಿತು. "ಪ್ಲಾಸ್ಟರ್ ಆಫ್ ಪ್ಯಾರಿಸ್. ಇದೂ ನೀರಿಗೆ ಕ್ಯಾಲ್ಸಿಯಂ ಬಿಡುತ್ತದೆ. ಮೇಲಿನ ಬಣ್ಣ ಯಾವುದೋ ಏನೋ. ಇಡೀ ಕೆರೆಗೇ ಬೇಡವೆಂದು ನಿಷೇಧಿಸಿದ ಪ್ಲಾಸ್ಟರ್ ಗಣಪತಿ, ನಿನ್ನ ಐವತ್ತಾರು ಲೀಟರಿನ ತೊಟ್ಟಿಗೆ ಹಿತವಾದೀತೇ?"

"ಬಣ್ಣ ಬಿಡುವುದಿಲ್ಲ ಮೇಷ್ಟರೇ, ಗಟ್ಟಿಯಾಗಿದೆ."

"ಗೋಡೆಯ ಮೇಲೆ ಗಟ್ಟಿಯಾಗಿರುವುದು ಬೇರೆ, ಹಗಲೂ ರಾತ್ರಿ ನೀರಿನಲ್ಲಿ ನೆನೆಯುವುದು ಬೇರೆ. ಅಂಗಡಿಯ ರೆಸಿನ್ ಗೊಂಬೆಯನ್ನು ತಂದರೂ ಮೊದಲು ಒಂದು ವಾರ ಬಕೆಟ್ ನೀರಿನಲ್ಲಿ ನೆನೆಹಾಕು. ನೀರಿಗೆ ಬಣ್ಣ ಬಂತೋ, ಮೂಗಿಗೆ ವಾಸನೆ ಬಂತೋ, ವಾಪಸ್ಸು ಕೊಡು. ಗುಲಾಬಿ, ನೀಲಿ ಬಣ್ಣ ಬಳಿದ ಜಲ್ಲಿಗೂ ಇದೇ ಪರೀಕ್ಷೆ. ಇನ್ನು ಈ ಸಂದು ನೋಡು. ಈಗ ಮೀನು ಚಿಕ್ಕದು, ಸಲೀಸಾಗಿ ನುಗ್ಗುತ್ತದೆ. ನಾಲ್ಕು ತಿಂಗಳ ಮೇಲೆ ಅಭ್ಯಾಸಬಲದಿಂದ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಸಕರ್ ಮೀನಿನ ರೆಕ್ಕೆಗೆ ಮುಳ್ಳಿದೆ. ಅದು ಹಿಂದಕ್ಕೆ ಸರಿಯಲು ಹೋದಷ್ಟೂ ಬಿಗಿಯುತ್ತದೆ."

"ವಿಧಾನಸೌಧದ ಒಳಗೆ ಹೋದವರು ಹೊರಗೆ ಬರಲು ಒಪ್ಪುವುದಿಲ್ಲ. ಅದರಲ್ಲಿ ಮೀನಿನ ತಪ್ಪೇನು?" ಎಂದ ಸುಬ್ಬು. ಚಿಪ್ಪಿನ ಸೇಡು ತೀರಿತು.

ಪದ್ಮಕ್ಕ ಕಾಫಿಯ ತಟ್ಟೆಯ ಜೊತೆ ಸೆರಗಿನ ಗಂಟು ಬಿಚ್ಚುತ್ತಾ ಬಂದರು. ಒಳಗೆ ಅವರ ಅಜ್ಜಿಯ ತೂತಿನ ಕಾಸು. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಿಂದ ಟಂಕಿಸಿದ ಕಂಚಿನ ನಾಣ್ಯ ಅದು. "ಲಕ್ಷ್ಮಿ ತಳದಲ್ಲಿರಲಿ. ನಾವು ಬೆಳಗಾದರೆ ತಾಮ್ರದ ತಂಬಿಗೆಯ ನೀರು ಕುಡಿಯುವುದಿಲ್ಲವೇ? ನಮಗೆ ಒಳ್ಳೆಯದು ಮೀನಿಗೂ ಒಳ್ಳೆಯದೇ" ಎಂದರು. ತರ್ಕ ಚೆನ್ನಾಗಿತ್ತು. ನಾನಂತೂ ಒಪ್ಪಿಬಿಟ್ಟಿದ್ದೆ.

"ನೀನು ನೀರು ಕುಡಿದು ತಂಬಿಗೆಯನ್ನು ಪಕ್ಕಕ್ಕೆ ಇಡುತ್ತೀಯಮ್ಮ" ಎಂದರು ಮೇಷ್ಟರು. "ಮೀನು ತಂಬಿಗೆಯ ಒಳಗೇ ಸಂಸಾರ ಮಾಡಬೇಕು. ಅದೇ ನೀರು ಅದರ ಕಿವಿರುಗಳ ಮೂಲಕ ಹಾಯುತ್ತಲೇ ಇರಬೇಕು. ಕಂಚೆಂದರೆ ಮುಕ್ಕಾಲಿಗಿಂತ ಹೆಚ್ಚು ತಾಮ್ರ. ಬಸವನಹುಳು, ಸೀಗಡಿಗಳಿಗೆ ಅದರ ಲವಲೇಶವೂ ವಿಷ. ಮೀನಿನ ಮೈಯ ಪರೋಪಜೀವಿಗಳನ್ನು ಕೊಲ್ಲಲು ತಾಮ್ರವನ್ನು ಔಷಧಿಯಾಗಿ ಬಳಸುವುದುಂಟು. ಆದರೆ ಅಳೆದು, ದಿನ ಎಣಿಸಿ. ಕಾಸಿನ ಲೆಕ್ಕದಲ್ಲಲ್ಲ."

ಪದ್ಮಕ್ಕ ಕಾಸನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರು. ಆ ಸಲದ ಕಾಫಿಯಲ್ಲಿ ಮೇಷ್ಟರ ಲೋಟಕ್ಕೆ ಸಕ್ಕರೆ ಬಿದ್ದಿರಲಿಲ್ಲ. ಸಕ್ಕರೆ ಕಾಯಿಲೆಯ ಮೇಲಿನ ಕಾಳಜಿಯಿಂದ ಎಂದು ಅವರು ತಿಳಿದರು.

ಪ್ಲಾಸ್ಟಿಕ್ ಗಿಡಗಳ ವಿಚಾರ ಬಂದಾಗ ಪದ್ಮಕ್ಕನದೇ ಮೇಲುಗೈಯಾಯಿತು. ಎದುರು ಮನೆಯ ಹುಡುಗ ಕೊಟ್ಟು ಹೋದ ಹಸಿರು ಗಿಡವೊಂದಿತ್ತು. ಅಂಚು ನೋಡಿದರೆ ತುರಿಯುವ ಮಣೆ ನೆನಪಾಗುತ್ತಿತ್ತು. ಹಳೆಯ ಶಿಫಾನ್ ಸೀರೆಯ ತುಂಡನ್ನು ಅದರ ಮೇಲೆ ಎಳೆದು ನೋಡಲು ಮೇಷ್ಟರು ಹೇಳಿದರು. ಪದ್ಮಕ್ಕ ಎಳೆದರು. ಗಿಡ ದಾರ ಕಚ್ಚಿಕೊಂಡು ಜೊತೆಯಲ್ಲೇ ಬಂತು. "ಸೀರೆ ಸಿಕ್ಕಿಕೊಳ್ಳುವ ಕಡೆ ಫೈಟರ್ ಮೀನಿನ ರೆಕ್ಕೆ ಹರಿಯದೇ ಇರುತ್ತದೆಯೇ?" ಎಂದು ಅವರೇ ತೀರ್ಪು ಕೊಟ್ಟರು. ಬಟ್ಟೆಯ ಗಿಡವಾದರೆ ಅಡ್ಡಿಯಿಲ್ಲ. ಜೀವಂತ ಗಿಡ ಎಲ್ಲಕ್ಕಿಂತ ಮೇಲು, ಅದರಲ್ಲೂ ಜಾವಾ ಫರ್ನ್, ಅನೂಬಿಯಾಸ್. ಮರಳೇ ಬೇಡ, ಕಲ್ಲಿಗೆ ದಾರದಿಂದ ಕಟ್ಟಿದರೆ ಬದುಕುತ್ತವೆ, ಹೆಚ್ಚು ಬೆಳಕನ್ನೂ ಕೇಳುವುದಿಲ್ಲ.

ಮರದ ಬೇರು ಇಡಬೇಕೆನ್ನುವವರಿಗೆ ಎರಡೇ ಮಾತು. ಹಸಿ ಮರ ಬೇಡ. ಒಣಗಿದ ಗಟ್ಟಿ ಮರವನ್ನು ಕುದಿಸಿ, ಮುಳುಗುವ ತನಕ ನೆನೆಸಿ. ನೀರು ಕಂದಾದರೆ ಗಾಬರಿ ಬೇಡ, ಅದು ಮರ ಬಿಡುವ ಟ್ಯಾನಿನ್ ಎಂಬ ಒಗರು. ನಮ್ಮ ಬೀದಿಗಳಲ್ಲಿ ಕಸ ಗುಡಿಸುವವರ ತಲೆನೋವಾದ ಕಾಡುಬಾದಾಮಿಯ ಒಣ ಎಲೆಯನ್ನು ಫೈಟರ್ ಮೀನು ಸಾಕುವವರು ಇದೇ ಟ್ಯಾನಿನ್‌ಗಾಗಿ ಹಣ ಕೊಟ್ಟು ತರಿಸುತ್ತಾರೆ. ಹೊಗೆ, ಕೀಟನಾಶಕ ತಾಗದ ಮರದ್ದಾದರೆ ತೊಳೆದು ಹಾಕಬಹುದು.

ಕೊನೆಗೆ ಗೆದ್ದದ್ದು ಪಾಟರಿ ಟೌನ್‌ನಿಂದ ತಂದ ಮಣ್ಣಿನ ಹೂಕುಂಡ. ಬಣ್ಣ ಹೊಡೆಯದ, ಮೆರುಗು ಕೊಡದ, ಗೊಬ್ಬರ ಕಾಣದ ಹೊಸ ಕುಂಡ. ಅದನ್ನು ಅಡ್ಡ ಮಲಗಿಸಿ, ಅಂಚನ್ನು ಉಜ್ಜುಕಾಗದದಿಂದ ನಯ ಮಾಡಿ, ತಳದ ತೂತಿನಲ್ಲಿ ಮೀನು ತಲೆ ತೂರಿಸದಂತೆ ಆ ಬದಿಯನ್ನು ಮರಳಿನಲ್ಲಿ ಹುಗಿಯುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಮೀನಿಗೆ ಬೇಕಾದದ್ದು ಬಚ್ಚಿಟ್ಟುಕೊಳ್ಳಲು ಒಂದು ಮರೆ. ಉಳಿದದ್ದೆಲ್ಲ ಸೋಫಾದಲ್ಲಿ ಕುಳಿತವರಿಗೆ. ನಾಣಿಗೆ ಇದು ಹಿಡಿಸಲಿಲ್ಲ. "ಇಷ್ಟು ಖರ್ಚು ಮಾಡಿ ಕೊನೆಗೆ ಹೂಕುಂಡವೇ?" ಎಂದು ವಿಧಾನಸೌಧವನ್ನು ತೊಡೆಯ ಮೇಲಿಟ್ಟುಕೊಂಡು ಗುಮ್ಮಟ ಸವರುತ್ತಾ ಕುಳಿತ. ಅದನ್ನು ತೊಟ್ಟಿಯ ಹಿಂದೆ, ಗಾಜಿನ ಆಚೆ ಇಡಲು ಅಡ್ಡಿಯಿಲ್ಲವೆಂದು ಮೇಷ್ಟರು ಅನುಮತಿ ಕೊಟ್ಟರು. ನೀರಿನ ಮೂಲಕ ನೋಡಿದರೆ ಇನ್ನೂ ದೊಡ್ಡದಾಗಿ ಕಂಡೀತೆಂದು ಸುಬ್ಬು ಸಮಾಧಾನ ಹೇಳಿದ.

ಕತ್ತಲಾಗಿತ್ತು. ಮೇಷ್ಟರು ಕೊಡೆ ಹಿಡಿದು ಎದ್ದರು, ಚಪ್ಪಲಿ ಮೆಟ್ಟಿದರು, ಗೇಟಿನ ತನಕ ಹೋದರು. ಅಲ್ಲಿಂದಲೇ, "ಅದು ಸರಿ ನಾಣಿ, ಮೀನು ಯಾವುದೆಂದು ಹೇಳಲೇ ಇಲ್ಲ" ಎಂದರು.

"ಗೋಲ್ಡ್ ಫಿಶ್ ಮೇಷ್ಟರೇ. ಎಂಟು ಕೆಂಪು, ಒಂದು ಕಪ್ಪು. ವಾಸ್ತುವಿನವರು ಒಂಬತ್ತೇ ಇರಬೇಕು ಎಂದಿದ್ದಾರೆ. ಮುಂಗಡ ಕೊಟ್ಟಾಗಿದೆ."

"ಒಂಬತ್ತು? ಎರಡು ಅಡಿಯಲ್ಲಿ? ಒಂದೊಂದೂ ಗೇಣುದ್ದ ಬೆಳೆಯುತ್ತದೆ, ಗಿಡ ತಿನ್ನುತ್ತದೆ, ಜಲ್ಲಿ ಬಾಯಿಗೆ ಹಾಕಿಕೊಂಡು ಗಂಟಲಿಗೆ ಸಿಕ್ಕಿಸಿಕೊಳ್ಳುತ್ತದೆ!"

ಮೇಷ್ಟರು ಚಪ್ಪಲಿ ಬಿಟ್ಟು ಒಳಗೆ ಬಂದು, ಬಿಟ್ಟು ಹೋಗಿದ್ದ ಕುರ್ಚಿಯಲ್ಲೇ ಕುಳಿತರು. "ಪದ್ಮಾ, ಇನ್ನೊಂದು ಸುತ್ತು ಕಾಫಿಗೆ ಇಡಮ್ಮ. ಈ ಸಲ ಸಕ್ಕರೆ ಹಾಕು" ಎಂದರು.