ಪದಚರ್ಚೆ: ‘ಹೈ ನೂನ್’ ಸಾಂಪ್ರದಾಯಿಕ ವೆಸ್ಟರ್ನೋ, ಅಪ್ಪಟ ವೆಸ್ಟರ್ನೋ?

ಗೆಳೆಯರೇ,

1952ರಲ್ಲಿ ಬಂದ ‘ಹೈ ನೂನ್’ ಚಿತ್ರವನ್ನು ಆಗಿನ ವಿಮರ್ಶಕರು ಹೇಗೆ ನೋಡಿದರು ಅನ್ನುವುದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬರಹ ಮುಂದಕ್ಕೆ ಹೋಗುತ್ತಿಲ್ಲ. ನಿಮ್ಮ ಸಲಹೆ ಬೇಕು.

ಚಿತ್ರ ನೋಡದವರಿಗೆ ಕತೆ ಚುಟುಕಾಗಿ ಹೇಳಿಬಿಡುತ್ತೇನೆ. ಹ್ಯಾಡ್ಲಿವಿಲ್ ಅನ್ನುವ ಸಣ್ಣ ಊರು. ಅಲ್ಲಿ ಕಾನೂನು ಕಾಯುವ ಮಾರ್ಷಲ್ ವಿಲ್ ಕೇನ್. ಗ್ಯಾರಿ ಕೂಪರ್ ಮಾಡಿದ ಪಾತ್ರ. ಅವತ್ತೇ ಅವನ ಮದುವೆ, ಅವತ್ತೇ ಕೆಲಸಕ್ಕೆ ರಾಜೀನಾಮೆ. ಅಷ್ಟರಲ್ಲಿ, ತಾನು ಜೈಲಿಗೆ ಕಳಿಸಿದ್ದ ಫ್ರ್ಯಾಂಕ್ ಮಿಲ್ಲರ್ ಬಿಡುಗಡೆಯಾಗಿ ಹನ್ನೆರಡರ ರೈಲಿಗೆ ಬರುತ್ತಿದ್ದಾನೆ ಅನ್ನೋ ಸುದ್ದಿ ಬರುತ್ತದೆ. ಅವನ ಕಡೆಯ ಮೂವರು ಆಗಲೇ ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾರೆ. ಕೇನ್ ಸಹಾಯ ಕೇಳಿಕೊಂಡು ಸಲೂನಿಗೆ (ಕ್ಷೌರದಂಗಡಿ ಅಲ್ಲ, ಹೆಂಡದಂಗಡಿ) ಹೋಗುತ್ತಾನೆ, ಚರ್ಚಿಗೆ ಹೋಗುತ್ತಾನೆ, ಗೆಳೆಯನ ಮನೆಯ ಬಾಗಿಲು ತಟ್ಟುತ್ತಾನೆ. ಯಾರೂ ಜೊತೆಗೆ ನಿಲ್ಲುವುದಿಲ್ಲ.

ಮೊದಲು ಸುಲಭದ ಪದ, ‘ವೆಸ್ಟರ್ನ್’. ‘ಪಾಶ್ಚಾತ್ಯ ಚಿತ್ರ’ ಅಂತ ಬರೆದರೆ ಯುರೋಪಿನ ಸಿನಿಮಾ ಎಲ್ಲಾ ಅದರೊಳಗೆ ಬಂದುಬಿಡುತ್ತದೆ. ಇಲ್ಲಿ ಮಾತು ಇರೋದು ಅಮೆರಿಕದ ಪಶ್ಚಿಮ ಸೀಮೆಯ ಬಗ್ಗೆ, ಅದೂ ಹತ್ತೊಂಬತ್ತನೇ ಶತಮಾನದ್ದು. ನಮ್ಮ ಜನರ ಬಾಯಲ್ಲಿ ಇರುವುದು ‘ಕೌಬಾಯ್ ಸಿನಿಮಾ’. ದ್ವಾರಕೀಶರ ‘ಕೌಬಾಯ್ ಕುಳ್ಳ’ ನೋಡಿದವರಿಗೆ ಟೋಪಿ, ಕುದುರೆ, ಪಿಸ್ತೂಲು ಅಂದರೆ ಕೌಬಾಯೇ. ಆದರೆ ಈ ಚಿತ್ರದ ಕತೆಯಲ್ಲಿ ದನಕರುಗಳಿಗೆ ಕೆಲಸವೇ ಇಲ್ಲ. ಹಾಗಾಗಿ ‘ವೆಸ್ಟರ್ನ್’ ಅಂತಲೇ ಉಳಿಸಿಕೊಂಡಿದ್ದೇನೆ. ‘ಮಾರ್ಷಲ್’ ಕೂಡ ಹಾಗೇ ಇರಲಿ ಅಂದುಕೊಂಡಿದ್ದೇನೆ. ನಮಗೆ ಮಾರ್ಷಲ್ ಅಂದರೆ ನೆನಪಾಗುವುದು ವಿಧಾನಸಭೆಯಲ್ಲಿ ಶಾಸಕರನ್ನು ಹೊರಗೆ ಕರೆದೊಯ್ಯುವವರು, ಇಲ್ಲವೇ ಫೀಲ್ಡ್ ಮಾರ್ಷಲ್ ಕಾರ್ಯಪ್ಪ. ‘ಊರಿನ ಕಾನೂನು ಕಾಯುವವನು’ ಅಂತ ಒಂದು ಸಲ ಬಿಡಿಸಿ ಹೇಳಿದರೆ ಸಾಕು ಅಲ್ವಾ?

ಚಿತ್ರದ ಹೆಸರಿಗೆ ನಮ್ಮಲ್ಲಿ ಒಳ್ಳೆಯ ಪದ ಸಿದ್ಧವಾಗಿಯೇ ಇದೆ, ‘ಮಟಮಟ ಮಧ್ಯಾಹ್ನ’. ಬರೀ ಹೊತ್ತು ಹೇಳುವ ಪದ ಅಲ್ಲ ಅದು. ಮಟಮಟ ಮಧ್ಯಾಹ್ನದಲ್ಲಿ ಒಬ್ಬೊಬ್ಬರೇ ತಿರುಗಬೇಡಿ ಅಂತ ಹಿರಿಯರು ಹೆದರಿಸುತ್ತಿದ್ದರಲ್ಲ, ಆ ಭಯವೂ ಅದರಲ್ಲಿದೆ. ಚಿತ್ರದಲ್ಲಿ ಇರುವುದೂ ಅದೇ. ಛಾಯಾಗ್ರಾಹಕ ಫ್ಲಾಯ್ಡ್ ಕ್ರಾಸ್ಬಿ ಆಕಾಶವನ್ನು ಬೇಕೆಂದೇ ಬಿಳಿಚಿಕೊಂಡ ಹಾಗೆ ತೆಗೆದಿದ್ದಾರೆ. ಕೊನೆಕೊನೆಗೆ ಕ್ಯಾಮೆರಾ ಮೇಲಕ್ಕೆ ಏರುತ್ತಾ ಹೋಗುತ್ತದೆ. ಖಾಲಿ ಬೀದಿಯಲ್ಲಿ ಕೇನ್ ಒಬ್ಬನೇ.

ಇನ್ನು ಕಷ್ಟದ ಪದ, ‘ಸಾಂಪ್ರದಾಯಿಕ’. ಇಂಗ್ಲಿಷಿನಲ್ಲಿ ‘ಟ್ರೆಡಿಷನಲ್ ವೆಸ್ಟರ್ನ್’ ಅನ್ನುವುದನ್ನು ಎಲ್ಲರೂ ‘ಸಾಂಪ್ರದಾಯಿಕ ವೆಸ್ಟರ್ನ್’ ಅಂತ ಬರೆಯುತ್ತಾರೆ. ನನಗೆ ಇದು ಸರಿಬರುತ್ತಿಲ್ಲ. ಕನ್ನಡದಲ್ಲಿ ಸಂಪ್ರದಾಯ ಅಂದ ಕೂಡಲೇ ಮಡಿ, ಆಚರಣೆ, ಹಿರಿಯರಿಂದ ಬಂದ ಕಟ್ಟುಪಾಡು ಮನಸ್ಸಿಗೆ ಬರುತ್ತದೆ. ವಿಮರ್ಶಕರ ಜಗಳ ಇದ್ದದ್ದು ಬೇರೆಯದಕ್ಕೆ. ವೆಸ್ಟರ್ನಿನ ತಿರುಳು ಇದರಲ್ಲಿ ಇದೆಯಾ, ಇಲ್ವಾ? ಅದೇ ಅವರ ಪ್ರಶ್ನೆ.

ಆ ಜಗಳವನ್ನು ಸ್ವಲ್ಪ ಹೇಳಲೇಬೇಕು. ಬಿಡುಗಡೆಯಾದಾಗ ‘ನ್ಯೂಯಾರ್ಕ್ ಟೈಮ್ಸ್’ನ ಬಾಸ್ಲಿ ಕ್ರೌದರ್ ಚಿತ್ರವನ್ನು ಬಾಯಿತುಂಬ ಹೊಗಳಿದರು. ನ್ಯೂಯಾರ್ಕಿನ ವಿಮರ್ಶಕರ ಬಳಗ ಆ ವರ್ಷದ ಅತ್ಯುತ್ತಮ ಚಿತ್ರ ಅಂತ ಇದನ್ನೇ ಆರಿಸಿತು, ಅತ್ಯುತ್ತಮ ನಿರ್ದೇಶಕ ಅಂತ ಫ್ರೆಡ್ ಜಿನ್ನೆಮನ್‌ರನ್ನು ಆರಿಸಿತು. ಆಸ್ಕರಿನಲ್ಲಿ ನಟನೆ, ಸಂಕಲನ, ಸಂಗೀತ, ಹಾಡು, ಒಟ್ಟು 4 ಪ್ರಶಸ್ತಿ. ಸಂಕಲನದ ಪ್ರಶಸ್ತಿ ಯಾಕೆ ಬಂತು ಅನ್ನೋದಕ್ಕೆ ಒಂದೇ ಭಾಗ ನೋಡಿದರೆ ಸಾಕು. ಹನ್ನೆರಡಕ್ಕೆ ಇನ್ನೇನು ಎರಡು ಮೂರು ನಿಮಿಷ. ಕೇನ್ ಮೇಜಿನ ಮುಂದೆ ಕೂತು ತನ್ನ ಉಯಿಲು ಬರೆಯುತ್ತಿದ್ದಾನೆ. ಗಡಿಯಾರದ ಲೋಲಕ, ಚರ್ಚಿನ ಜನ, ಸಲೂನಿನ ಜನ, ಸ್ಟೇಷನ್ನಿನ ಮೂವರು, ಮಿಲ್ಲರ್ ಕೂತಿದ್ದ ಖಾಲಿ ಕುರ್ಚಿ. ಸಂಗೀತದ ತಾಳಕ್ಕೆ ಒಂದೊಂದೇ ಮುಖ ಬಂದು ಹೋಗುತ್ತದೆ. ಆಮೇಲೆ ರೈಲಿನ ಸಿಳ್ಳೆ.

ಆದರೆ 1954ರಲ್ಲಿ ಅಮೆರಿಕದ ವಿಮರ್ಶಕ ರಾಬರ್ಟ್ ವಾರ್ಷೋ ಬೇರೆ ಮಾತು ಆಡಿದರು. ಊರಿನವರು ಯಾಕೆ ಸಹಾಯಕ್ಕೆ ಬರಲಿಲ್ಲ ಅನ್ನುವ ಪ್ರಶ್ನೆಯೇ ವೆಸ್ಟರ್ನಿಗೆ ಸೇರಿದ್ದಲ್ಲ, ಅದು ಸಾಮಾಜಿಕ ನಾಟಕದ ಪ್ರಶ್ನೆ ಅನ್ನುವುದು ಅವರ ತಕರಾರು. ವೆಸ್ಟರ್ನಿನ ನಾಯಕ ಒಬ್ಬನೇ ಇರುವುದು ಅವನ ಸ್ವಭಾವ, ಅದಕ್ಕೆ ಕಾರಣ ಬೇಕಾಗಿಲ್ಲ. ಮರುವರ್ಷ ಫ್ರಾನ್ಸಿನ ವಿಮರ್ಶಕ ಆಂದ್ರೆ ಬಜಾನ್ ಈ ಬಗೆಯ ಚಿತ್ರಗಳಿಗೆ ಒಂದು ಹೆಸರನ್ನೇ ಬಳಸಿದರು, ‘ಸುರ್‌ವೆಸ್ಟರ್ನ್’. ಬರೀ ವೆಸ್ಟರ್ನ್ ಆಗಿರೋದಕ್ಕೆ ನಾಚಿಕೊಂಡು, ಮೇಲೊಂದು ವಿಚಾರವನ್ನು ಹೊತ್ತುಕೊಂಡು ಬರುವ ವೆಸ್ಟರ್ನ್ ಅಂತ ಅದರ ಅರ್ಥ. ಹೊತ್ತುಕೊಂಡ ವಿಚಾರ ಯಾವುದು ಅನ್ನೋದು ಗುಟ್ಟೇನಲ್ಲ. ಚಿತ್ರಕತೆ ಬರೆದ ಕಾರ್ಲ್ ಫೋರ್‌ಮನ್‌ರನ್ನು 1951ರಲ್ಲಿ, ಚಿತ್ರ ತಯಾರಾಗುತ್ತಿದ್ದಾಗಲೇ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆಗೆ ಕರೆಯಿತು. ಅವರು ಬೇರೆಯವರ ಹೆಸರು ಹೇಳಲಿಲ್ಲ. ಹಾಲಿವುಡ್‌ನ ಕಪ್ಪುಪಟ್ಟಿಗೆ ಸೇರಿದರು, ಇಂಗ್ಲೆಂಡಿಗೆ ಹೋಗಿಬಿಟ್ಟರು. ಚಿತ್ರದಲ್ಲಿ ಬಾಗಿಲು ಹಾಕಿಕೊಂಡ ಆ ಊರು ಹಾಲಿವುಡ್ಡೇ ಅಂತ ನೋಡಿದವರಿಗೆ ಗೊತ್ತಾಗಿತ್ತು.

ಹಾಗಾದರೆ ‘ಸುರ್‌ವೆಸ್ಟರ್ನ್’ಗೆ ಕನ್ನಡದಲ್ಲಿ ಏನು ಹೇಳೋಣ? ಇಂಗ್ಲಿಷ್ ಅನುವಾದದಲ್ಲಿ ‘ಸೂಪರ್‌ವೆಸ್ಟರ್ನ್’ ಅಂತಿದೆ. ಅದನ್ನು ಹಾಗೇ ತಂದರೆ ಅರ್ಥ ತಲೆಕೆಳಗಾಗುತ್ತದೆ. ‘ಸಿನಿಮಾ ಸೂಪರ್’ ಅನ್ನುವುದು ನಮ್ಮಲ್ಲಿ ಹೊಗಳಿಕೆ. ಬಜಾನ್ ಹೇಳಿದ್ದರಲ್ಲಿ ಆಕ್ಷೇಪವಿದೆ. ‘ಅತಿ’ ಸೇರಿಸಿದರೆ ಆಕ್ಷೇಪ ಬರುತ್ತದೆ ನಿಜ, ‘ಅತಿಬುದ್ಧಿ’ ಅನ್ನುವ ಹಾಗೆ. ಆದರೆ ‘ಅತಿವೆಸ್ಟರ್ನ್’ ಅಂದರೆ ವೆಸ್ಟರ್ನ್‌ತನವೇ ಜಾಸ್ತಿಯಾಯ್ತು ಅಂತ ಓದುವವರು ತಿಳಿಯಬಹುದು. ಸದ್ಯಕ್ಕೆ ‘ಹೊರೆ ಹೊತ್ತ ವೆಸ್ಟರ್ನ್’ ಅಂತ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದು, ಒಂದೇ ಪದದ್ದು ಸಿಕ್ಕರೆ ಒಳ್ಳೆಯದು.

ಅದಕ್ಕೆ ಎದುರಾಗಿ ನಿಲ್ಲುವ ಪದ ನನ್ನ ಪ್ರಕಾರ ‘ಅಪ್ಪಟ’. ಅಪ್ಪಟ ಬಂಗಾರ, ಅಪ್ಪಟ ರೇಷ್ಮೆ ಅನ್ನುವಾಗ ಬೆರಕೆ ಇಲ್ಲ ಅನ್ನುವುದೇ ಮುಖ್ಯ. ವಾರ್ಷೋ, ಬಜಾನ್ ಇಬ್ಬರ ಚಿಂತೆಯೂ ಬೆರಕೆಯದ್ದೇ. ‘ಹೈ ನೂನ್ ಅಪ್ಪಟ ವೆಸ್ಟರ್ನ್ ಅಲ್ಲ ಅಂದರು’ ಅಂತ ಬರೆದರೆ ಜಗಳ ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಅಪ್ಪಟ ವೆಸ್ಟರ್ನ್ ಹೇಗಿರಬೇಕು ಅಂತ ತೋರಿಸಲು ನಿರ್ದೇಶಕ ಹೊವರ್ಡ್ ಹಾಕ್ಸ್ 1959ರಲ್ಲಿ ‘ರಿಯೋ ಬ್ರಾವೊ’ ಮಾಡಿದರು. ಒಳ್ಳೆಯ ಷೆರಿಫ್ (ಮಾರ್ಷಲ್ ಹಾಗೆ ಇವನೂ ಕಾನೂನು ಕಾಯುವವನೇ) ಆದವನು ತಲೆ ಕಡಿದ ಕೋಳಿಯ ಹಾಗೆ ಊರೆಲ್ಲ ಓಡಾಡಿ ಸಹಾಯ ಬೇಡುವುದಿಲ್ಲ ಅನ್ನುವುದು ಅವರ ವಾದ. ನನಗಂತೂ ಕೇನ್ ಬೇಡುವುದೇ ಈ ಚಿತ್ರದ ದೊಡ್ಡತನ. ಹೆದರಿಕೆ ಇದ್ದೂ ಅವನು ಊರು ಬಿಡುವುದಿಲ್ಲ.

ಕೊನೆಯದು ಒಂದು ಕ್ರಿಯಾಪದ. ಎಲ್ಲ ಮುಗಿದ ಮೇಲೆ ಕೇನ್ ಎದೆಯ ಮೇಲಿದ್ದ ತಗಡಿನ ನಕ್ಷತ್ರವನ್ನು ಕಿತ್ತು ಮಣ್ಣಿಗೆ ಹಾಕುತ್ತಾನೆ. ಒಂದು ಮಾತೂ ಆಡದೆ ಹೆಂಡತಿಯ ಜೊತೆ ಹೊರಟುಹೋಗುತ್ತಾನೆ. ನಟ ಜಾನ್ ವೇನ್ 1971ರ ಸಂದರ್ಶನವೊಂದರಲ್ಲಿ, ಕೂಪರ್ ಆ ಬಿಲ್ಲೆಯನ್ನು ಕಾಲಡಿ ಹಾಕಿ ತುಳಿದ ಅಂತ ಸಿಟ್ಟಿನಿಂದ ಹೇಳಿದ್ದಾರೆ. ಚಿತ್ರದಲ್ಲಿ ತುಳಿಯುವುದೇ ಇಲ್ಲ. ಕೂಪರ್‌ಗೆ ಬಂದ ಆಸ್ಕರನ್ನು ಅವರ ಪರವಾಗಿ ವೇದಿಕೆಗೆ ಹೋಗಿ ತೆಗೆದುಕೊಂಡದ್ದೂ ಇದೇ ವೇನ್. ಹಾಗಾದರೆ ಕೇನ್ ಆ ಬಿಲ್ಲೆಯನ್ನು ಏನು ಮಾಡಿದ ಅನ್ನೋಣ? ‘ಬಿಸಾಡಿದ’ ಅಂದರೆ ಕೋಪ ಹೆಚ್ಚಾಗುತ್ತದೆ. ‘ಬೀಳಿಸಿದ’ ಅಂದರೆ ಕೈತಪ್ಪಿ ಬಿದ್ದ ಹಾಗೆ ಕೇಳುತ್ತದೆ. ‘ಎಸೆದ’ ಸುಮ್ನೆ ಸಪ್ಪೆ. ‘ಚೆಲ್ಲಿದ’ ಅಂತ ನಮ್ಮ ಕಡೆ ಬಳಸುವುದುಂಟು. ಬೇಡವಾದದ್ದನ್ನು ತಣ್ಣಗೆ ಬಿಡುವ ಅರ್ಥ ಅದರಲ್ಲಿದೆ. ಆದರೆ ನೀರು, ಕಾಳು ಬಿಟ್ಟು ಬಿಲ್ಲೆಗೂ ಅದು ನಡೆಯುತ್ತದೆಯೇ? ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ಏನಂತೀರಿ?

ಐವತ್ತು ಅರವತ್ತರ ದಶಕದ ಕನ್ನಡ ಪತ್ರಿಕೆಗಳಲ್ಲಿ ಇಂಥ ಚಿತ್ರಗಳನ್ನು ಏನಂತ ಕರೆದಿದ್ದರು ಅನ್ನುವುದು ಯಾರಿಗಾದರೂ ನೆನಪಿದ್ದರೆ, ಆ ಸಾಲನ್ನು ಹಾಗೇ ಬರೆದು ಕಳಿಸಿ.