ಅಂಗುಳ ಹೊಲಿಸಿದ ಮೇಲೆ ಮೂಗಿನಿಂದ ಗಂಜಿ ಬರುತ್ತಿದೆ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ, ಲಿಂಗಸುಗೂರಿನಿಂದ:
ನನ್ನ ಮಗನಿಗೆ 14 ತಿಂಗಳು. 5ನೇ ತಿಂಗಳಲ್ಲಿ ಸೀಳು ತುಟಿಯ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಸೀಳು ಅಂಗುಳವನ್ನು ಹೊಲಿಸಿ ಈಗ 5 ವಾರಗಳಾಗಿದ್ದು, ಕಳೆದ ವಾರದಿಂದ ಗಂಜಿ ಕುಡಿಸಿದಾಗಲೆಲ್ಲ ಸ್ವಲ್ಪ ಮೂಗಿನಿಂದ ಇಳಿಯುತ್ತಿದೆ. ಹೊಲಿಗೆ ಬಿಚ್ಚಿದೆಯೇ? ಕೂಡಲೇ ಮತ್ತೆ ಆಪರೇಷನ್ ಮಾಡಿಸಬೇಕೇ? ನಾನು ಉಣಿಸಿದ್ದರಲ್ಲಿ ಏನಾದರೂ ತಪ್ಪಾಯಿತೇ ಎಂದು ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ, ಗಂಗಾವತಿಯಿಂದ ಒಬ್ಬ ತಾಯಿ:
ತಂಗಿ, ನನ್ನ ಮಗಳಿಗೆ ಈಗ 7 ವರ್ಷ. ಅವಳಿಗೂ ಆಪರೇಷನ್ ಆದ ಮೂರನೆಯ ವಾರದಲ್ಲಿ ಹಾಲು ಮೂಗಿನಿಂದ ಬಂದಿತ್ತು. ವೈದ್ಯರು ಟಾರ್ಚ್ ಹಿಡಿದು ತೋರಿಸಿದಾಗ, ಮುಂದಿನ ಗಟ್ಟಿ ಅಂಗುಳವೂ ಹಿಂದಿನ ಮೆತ್ತನೆಯ ಅಂಗುಳವೂ ಕೂಡುವ ಕಡೆ ಜೋಳದ ಕಾಳಿನಷ್ಟು ರಂಧ್ರ ಕಂಡಿತು. ಹೊಲಿಗೆಯ ಮೇಲೆ ಎಳೆತ ಹೆಚ್ಚಾಗಿ ಬೀಳುವ ಜಾಗ ಅದೇ. ಸೀಳು ಅಗಲವಾಗಿದ್ದರೆ ಅಥವಾ ಸೋಂಕು ತಗುಲಿದರೆ, ತಾಯಿ ಎಷ್ಟೇ ಎಚ್ಚರವಹಿಸಿದರೂ ಹೀಗಾಗುವುದುಂಟು. ಆದ್ದರಿಂದ ನಿಮ್ಮನ್ನು ನೀವು ದೂರಿಕೊಳ್ಳಬೇಡಿ. ಬಸುರಿಯಲ್ಲಿ ಗ್ರಹಣ ನೋಡಿದ್ದರಿಂದ ಹೀಗಾಯಿತು ಎನ್ನುವವರ ಮಾತನ್ನಂತೂ ಕಿವಿಗೆ ಹಾಕಿಕೊಳ್ಳಲೇಬೇಡಿ.

ಆಪರೇಷನ್ ಮಾಡಿದ ವೈದ್ಯರಿಗೆ ಈ ವಾರವೇ ತೋರಿಸಿ, ಆದರೆ ಕೂಡಲೇ ಮತ್ತೆ ಹೊಲಿಯಿರೆಂದು ಒತ್ತಾಯಿಸಬೇಡಿ. ಗಾಯ ಮಾಗಿ ಮೆತ್ತಗಾಗಲು ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಬೇಕು. ಸಣ್ಣ ರಂಧ್ರ ಕೆಲವೊಮ್ಮೆ ತಾನಾಗಿ ಕಿರಿದಾಗುತ್ತದೆ. ನಮ್ಮದು ಮುಚ್ಚಲಿಲ್ಲವಾದ್ದರಿಂದ ಒಂದು ವರ್ಷದ ನಂತರ ಹೊಲಿಸಿದೆವು. ಅಲ್ಲಿಯವರೆಗೆ ಮಗುವನ್ನು ಕೂರಿಸಿಕೊಂಡೇ ಉಣಿಸಿ, ಪ್ರತಿ ಸಲ ಉಣಿಸಿದ ಮೇಲೆ ಕಾಯಿಸಿ ಆರಿಸಿದ ನೀರು ಕುಡಿಸುತ್ತಿದ್ದೆ. ಗಾಯ ಮಾಗಿದೆಯೆಂದು ವೈದ್ಯರು ಹೇಳುವವರೆಗೆ ರೊಟ್ಟಿಯ ಚೂರು, ಮಂಡಕ್ಕಿ ಕೊಡಬೇಡಿ. ಜ್ವರ, ಬಾಯಿಂದ ದುರ್ವಾಸನೆ ಅಥವಾ ರಕ್ತ, ಉಸಿರಾಡಲು ತೊಂದರೆ, ಏನನ್ನೂ ಕುಡಿಯದಿರುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ಆ ರಂಧ್ರದ ಚಿಂತೆಯಲ್ಲೇ ಮುಳುಗಿ ನಾವು ಕಿವಿಯನ್ನು ಮರೆತೆವು. ಕರೆದರೆ ತಿರುಗಿ ನೋಡದ ಮಗಳನ್ನು ಹಟಮಾರಿಯೆಂದು ಗದರಿದ್ದೇವೆ. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಮೂರನೆಯ ವರ್ಷದಲ್ಲಿ ಪರೀಕ್ಷಿಸಿದಾಗ ಎರಡೂ ಕಿವಿಯ ತಮಟೆಯ ಹಿಂದೆ ನೀರು ತುಂಬಿತ್ತು. ನೋವಿರಲಿಲ್ಲ, ಸೋರುತ್ತಲೂ ಇರಲಿಲ್ಲ, ಹಾಗಾಗಿ ನಮಗೆ ಗೊತ್ತಾಗಲಿಲ್ಲ. ಕಿವಿಯಿಂದ ಗಂಟಲಿಗೆ ಹೋಗುವ ನಾಳವನ್ನು ತೆರೆಯುವ ಸ್ನಾಯು ಅಂಗುಳದಲ್ಲೇ ಇರುವುದರಿಂದ ಈ ಮಕ್ಕಳಲ್ಲಿ ಇದು ಬಹಳ ಸಾಮಾನ್ಯವಂತೆ. ತಮಟೆಯಲ್ಲಿ ಗ್ರೊಮೆಟ್ ಎಂಬ ಪುಟ್ಟ ಕೊಳವೆ ಇರಿಸಿದ ಮೇಲೆ ಅವಳು ಅಡುಗೆಮನೆಯಿಂದ ಕರೆದರೂ ಓಗೊಡತೊಡಗಿದಳು. ರಂಧ್ರಕ್ಕಾಗಿ ಕಾಯಿರಿ, ಕಿವಿಯ ಪರೀಕ್ಷೆಯನ್ನು ಮಾತ್ರ ಈಗಲೇ ಮಾಡಿಸಿ.

ಉತ್ತರ, ಸಂಡೂರಿನಿಂದ ಒಬ್ಬ ತಂದೆ:
ಅಕ್ಕನವರ ಮಾತಿಗೆ ನನ್ನದೊಂದು ಅನುಭವ ಸೇರಿಸುತ್ತೇನೆ. ನನ್ನ ಮಗನ ಅಂಗುಳದಲ್ಲಿ ರಂಧ್ರವೇನೂ ಉಳಿದಿರಲಿಲ್ಲ, ಆದರೂ ಮೂರು ವರ್ಷದವನಾದಾಗ ‘ಅಪ್ಪ’ ಎನ್ನಲು ಹೋದರೆ ‘ಅಮ್ಮ’ ಎಂದು ಕೇಳುತ್ತಿತ್ತು, ‘ಕಾಕಾ’ ಎನ್ನುವಾಗ ಧ್ವನಿ ಗಂಟಲಲ್ಲೇ ತಡೆಯುತ್ತಿತ್ತು. ಮೂಗಿನ ಕೆಳಗೆ ಸಣ್ಣ ಕನ್ನಡಿ ಹಿಡಿದು ‘ಪಪ್ಪಾ’ ಅನ್ನಿಸಿದಾಗ ಕನ್ನಡಿ ಮಸುಕಾಯಿತು. ಪೀಪಿ ಊದಿಸಿ, ಬಲೂನು ಊದಿಸಿ ಎಂದು ಹಲವರು ಹೇಳಿದರು. ತಿಂಗಳುಗಟ್ಟಲೆ ಊದಿಸಿದರೂ ಮಾತು ಸುಧಾರಿಸಲಿಲ್ಲ. ಕೊನೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದೊಯ್ದಾಗ ತೊಂದರೆ ಎರಡು ಬಗೆಯದೆಂದು ತಿಳಿಯಿತು. ಗಂಟಲಲ್ಲಿ ತಡೆದು ನುಡಿಯುವುದು ರೂಢಿಯಾದ ತಪ್ಪಾದ್ದರಿಂದ ವಾಕ್ ಚಿಕಿತ್ಸೆಯಿಂದ ತಿದ್ದಬಹುದು. ಮೆತ್ತನೆಯ ಅಂಗುಳ ಗಂಟಲಿನ ಹಿಂಗೋಡೆಯನ್ನು ಮುಟ್ಟದೆ ಗಾಳಿ ಮೂಗಿಗೆ ಹೋಗುತ್ತಿದ್ದರೆ ಅಭ್ಯಾಸ ಸಾಲದು, ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅವನಿಗೆ ಎರಡೂ ಬೇಕಾದವು. ‘ಅಪ್ಪ’ ಎಂದು ಅವನು ಸ್ಪಷ್ಟವಾಗಿ ಕರೆದದ್ದು ಐದೂವರೆ ವರ್ಷಕ್ಕೆ.

ಉತ್ತರ, ಕೊಪ್ಪಳದಿಂದ ಒಬ್ಬ ಅಂಗನವಾಡಿ ಕಾರ್ಯಕರ್ತೆ:
2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳು ತುಟಿ, ಸೀಳು ಅಂಗುಳ, ಕಿವುಡುತನ ಮೂರೂ ಸೇರಿವೆ. ಅದರ ವೈದ್ಯರ ತಂಡ ನಿಮ್ಮ ಅಂಗನವಾಡಿಗೆ ಬಂದಾಗ ಮಗುವನ್ನು ತೋರಿಸಿ, ಶ್ರವಣ ಪರೀಕ್ಷೆಗೆ ಜಿಲ್ಲಾ ಕೇಂದ್ರಕ್ಕೆ ಬರೆದುಕೊಡುವಂತೆ ಕೇಳಿ. ಮೊದಲ ಎರಡೂ ಆಪರೇಷನ್‌ಗಳ ಡಿಸ್ಚಾರ್ಜ್ ಚೀಟಿಗಳನ್ನು ಜೊತೆಗೆ ಒಯ್ಯಿರಿ.