ಬೈಸೆಪ್ಸ್: ಏಕವಚನವೋ, ಬಹುವಚನವೋ?

ತೋಳಿನ ಮುಂಭಾಗದಲ್ಲಿ ಉಬ್ಬುವ ಸ್ನಾಯುವಿಗೆ ಜಿಮ್ಮಿಗೆ ಹೋಗುವವರು ಜಾಸ್ತಿ ಹೇಳುವುದು ‘ಬೈಸೆಪ್’ ಅಂತ. ಒಂದು ತೋಳಿನದು ಬೈಸೆಪ್, ಎರಡೂ ತೋಳಿನದು ಸೇರಿದರೆ ಬೈಸೆಪ್ಸ್ ಎಂಬ ಲೆಕ್ಕ. ಆರೋಗ್ಯದ ಬರಹಗಳಲ್ಲೂ ಇದು ಕಾಣುತ್ತದೆ. ಇದನ್ನು ಒಪ್ಪಬಹುದೇ?

ಲ್ಯಾಟಿನ್ ಪ್ರಕಾರ ಒಪ್ಪುವಂತಿಲ್ಲ. ಕೊನೆಯ ‘ಸ್’ ಇಂಗ್ಲಿಷಿನ ಬಹುವಚನದ್ದಲ್ಲ. ಅದು ಲ್ಯಾಟಿನ್ನಿನ ಪ್ರಥಮಾ ವಿಭಕ್ತಿ, ಏಕವಚನ. ‘ಬಿ’ ಅಂದರೆ ಎರಡು, ‘ಕಪುಟ್’ ಅಂದರೆ ತಲೆ. ಸೇರಿದರೆ ಬಿಕೆಪ್ಸ್ (ಇಂಗ್ಲಿಷಿನ ಬಾಯಲ್ಲಿ ಬೈಸೆಪ್ಸ್), ಎರಡು ತಲೆಯದು. ಹಿಂದೊಂದು ಮುಂದೊಂದು ಮುಖವಿದ್ದ ಜಾನಸ್ ದೇವರಿಗೂ ರೋಮನ್ನರು ಇದೇ ವಿಶೇಷಣ ಹಚ್ಚಿದ್ದರು. ಸ್ನಾಯುವಿನ ತಲೆ ಅಂದರೆ ಅದು ಹೊರಡುವ ತುದಿ. ತೋಳಿನ ಈ ಸ್ನಾಯು ಹೆಗಲ ಮೂಳೆಯ ಎರಡು ಜಾಗದಿಂದ ಹೊರಟು, ನಡುವೆ ಒಂದಾಗಿ, ಮುಂಗೈಯಲ್ಲಿ ಹೆಬ್ಬೆರಳ ಕಡೆಯ ಮೂಳೆಗೆ ಅಂಟಿಕೊಳ್ಳುತ್ತದೆ. ಅಂದರೆ ಒಂದೇ ತೋಳಿನದೂ ಬೈಸೆಪ್ಸೇ. ಪೂರ್ತಿ ಹೆಸರು ಬೈಸೆಪ್ಸ್ ಬ್ರೇಕಿಯೈ. ಬ್ರೇಕಿಯೈ ಷಷ್ಠಿ, ‘ತೋಳಿನ’ ಎಂದರ್ಥ. ತೊಡೆಯ ಹಿಂಭಾಗದಲ್ಲಿ ಬೈಸೆಪ್ಸ್ ಫೆಮೊರಿಸ್ ಅಂತ ಇನ್ನೊಂದಿದೆ, ಅದಕ್ಕೂ ಎರಡು ತಲೆ.

ನನಗೆ ಮಜಾ ಅನಿಸಿದ್ದು ಈ ಪದದ್ದೇ ಷಷ್ಠಿ ರೂಪ: ಬಿಕಿಪಿಟಿಸ್. ಕಪುಟ್‌ನ ‘ಟ’ ಪ್ರಥಮೆಯಲ್ಲಿ ಅಡಗಿತ್ತು, ಇಲ್ಲಿ ಹೊರಬಂತು. ಬಹುವಚನ ಬಿಕಿಪಿಟೇಸ್‌ನಲ್ಲೂ ಅದು ಇದೆ. ತೋಳಿನ ಮೂಳೆಯಲ್ಲಿ ಈ ಸ್ನಾಯುವಿನ ಉದ್ದನೆಯ ತಲೆ ಹಾದುಹೋಗುವ ಸಣ್ಣ ಕಾಲುವೆಯನ್ನು ಡಾಕ್ಟರುಗಳು ಬೈಸಿಪಿಟಲ್ ಗ್ರೂವ್ ಅನ್ನುವುದೂ ಇದರಿಂದಲೇ. ಫೋರ್ಸೆಪ್ಸ್ ಕೂಡ ಇದರ ಅಣ್ಣನೋ ತಮ್ಮನೋ ಇರಬೇಕು ಅನಿಸುತ್ತದೆ, ಅಲ್ವಾ? ಅದರ ಷಷ್ಠಿ ಫೊರ್ಕಿಪಿಸ್, ‘ಟ’ ಇಲ್ಲ. ಅಲ್ಲಿರುವುದು ತಲೆಯಲ್ಲ, ‘ಹಿಡಿ’ ಎಂಬರ್ಥದ ಕಪೆರೆ ಧಾತು. ಬಿಸಿ ವಸ್ತುವನ್ನು ಹಿಡಿಯುವುದು, ಅಂದರೆ ಇಕ್ಕಳ. ಪ್ರಥಮೆ ನೋಡಿ ನೆಂಟಸ್ತನ ಹೇಳಬಾರದು.

ಇಂಗ್ಲಿಷಿನಲ್ಲಿ ‘ಬೈಸೆಪ್’ ಈಗ ಬೇರೂರಿದೆ, ಅವರ ಪಾಡಿಗೆ ಅವರಿರಲಿ. ಕನ್ನಡಕ್ಕೆ ಆ ತಾಪತ್ರಯವೇ ಇಲ್ಲ. ನಾವು ‘ಎರಡು ಕೈ’ ಅನ್ನುತ್ತೇವೆ, ಸಂಖ್ಯೆ ಇದ್ದರೆ ‘ಗಳು’ ಬೇಕೇಬೇಕು ಅಂತಿಲ್ಲ. ಹಾಗೇ ‘ಒಂದು ಬೈಸೆಪ್ಸ್’, ‘ಎರಡು ಬೈಸೆಪ್ಸ್’ ಅಂದರೆ ಮುಗಿಯಿತು. ‘ಸ್’ ಕತ್ತರಿಸುವುದು ಸುಮ್ನೆ ಕೆಲಸ.

ಕೇಳಬೇಕಿರುವುದು ಇಷ್ಟು. ಬೈಸೆಪ್ಸ್ ಬದಲು ‘ದ್ವಿಶಿರ ಸ್ನಾಯು’ ಎಂದಷ್ಟೇ ಬರೆದರೆ ತೋಳಿನದೋ ತೊಡೆಯದೋ ತಿಳಿಯುವುದಿಲ್ಲ. ಪ್ರತಿ ಸಲ ‘ತೋಳಿನ’ ಸೇರಿಸುತ್ತೀರಾ, ಇಲ್ಲಾ ಬೈಸೆಪ್ಸ್ ಅಂತಲೇ ಬಿಡುತ್ತೀರಾ? ಬರೆಯುವವರು, ಅನುವಾದ ಮಾಡುವವರು ಹೇಳಿ.